ಐವತ್ತೆಂಟನೇ ಗೋಡೆ

ಆ ಓಣಿಯ ತಿರುವಿನಲ್ಲಿ ಮೊದಲು ಕಾಣಿಸುವುದು ಏಣಿ. ಅದರ ಕೆಳಗೆ ಒಬ್ಬ ಮನುಷ್ಯ ಇರುವುದು ಆಮೇಲೆ ತಿಳಿಯುತ್ತದೆ. ಏಣಿಯ ಮೂತಿ ಇಣುಕಿತೆಂದರೆ ಹೆಂಗಸರು ಒಣಹಾಕಿದ ಬಟ್ಟೆ ಸರಿಸುತ್ತಾರೆ, ಕ್ಷೌರದಂಗಡಿಯವನು ಕತ್ತರಿ ಹಿಡಿದ ಕೈಯನ್ನು ಹಾಗೇ ತಡೆದು ನಿಲ್ಲುತ್ತಾನೆ. ಮೆಟ್ಟಿಲ ಮೇಲೆ ಮಲಗಿದ ಬೆಕ್ಕು ಮಾತ್ರ ಕಣ್ಣೂ ತೆರೆಯುವುದಿಲ್ಲ. ಏಣಿಯೇ ಅದನ್ನು ದಾಟಿಕೊಂಡು ಹೋಗಬೇಕು. ಹೆತ್ತವರು ಇಟ್ಟ ಹೆಸರೊಂದು ಅವನಿಗೆ ಇದ್ದೇ ಇದೆ. ಹಾಜರಿ ಪುಸ್ತಕದ ಆಚೆಗೆ ಅದು ಬಳಕೆಯಲ್ಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವನು ಏಣಿಯಣ್ಣ.

ಏಣಿಯಣ್ಣ ಒಂದು ಸಣ್ಣ ಬ್ರಾಡ್‌ಬ್ಯಾಂಡ್ ಕಂಪನಿಯ ಲೈನ್‌ಮನ್. ಕಂಪನಿಯೆಂದರೆ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಯಂತ್ರಗಳು ತಣ್ಣನೆಯ ಏಸಿ ಗಾಳಿಯಲ್ಲಿ ಗುಂಯ್‌ಗುಟ್ಟುತ್ತ ಹಾಯಾಗಿರುತ್ತವೆ. ಇನ್ನೊಂದರಲ್ಲಿ ಯಜಮಾನರೂ, ದೂರಿನ ಕರೆಗೆ ಉತ್ತರಿಸುವ ಫೋನಮ್ಮನೂ ಬೆವರುತ್ತ ಕೂತಿರುತ್ತಾರೆ. "ಈ ಆಫೀಸಲ್ಲಿ ಮನುಷ್ಯರಾಗಿ ಹುಟ್ಟಬಾರದು ಕಣ್ರೀ, ಮೆಷಿನ್ ಆಗಿ ಹುಟ್ಟಬೇಕು" ಎನ್ನುವುದು ಫೋನಮ್ಮನ ದಿನದ ಮೊದಲ ಮಾತು.

ಯಂತ್ರದ ಕೋಣೆಯಿಂದ ಕೂದಲೆಳೆಯಷ್ಟು ತೆಳ್ಳಗಿನ ಒಂದು ಗಾಜಿನ ನೂಲು ಹೊರಟು, ಓಣಿಯ ಬಾಯಲ್ಲಿರುವ ಒಂದು ಡಬ್ಬಿಗೆ ಬರುತ್ತದೆ. ನೂಲಿನೊಳಗೆ ಓಡುವುದು ಬೆಳಕು. ಡಬ್ಬಿಯಲ್ಲಿ ಆ ಒಂದು ಬೆಳಕು ಅರವತ್ತನಾಲ್ಕು ಕವಲಾಗಿ ಅರವತ್ತನಾಲ್ಕು ಮನೆ ಸೇರುತ್ತದೆ. ಇದನ್ನು ಏಣಿಯಣ್ಣ ನಿವೃತ್ತ ಹೆಡ್‌ಮೇಷ್ಟ್ರಿಗೆ ಒಮ್ಮೆ ಬಿಡಿಸಿ ಹೇಳಿದ್ದ.

"ಎಲ್ಲರ ಮನೆಗೂ ಎಲ್ಲರದ್ದೂ ಬರುತ್ತೆ ಸಾರ್."

ಮೇಷ್ಟ್ರ ಕಣ್ಣು ಅರಳಿತು. "ಅಂದ್ರೆ ಎದುರುಮನೆಯವರು ನೋಡೋದೆಲ್ಲ ನಮ್ಮನೆಗೂ ಬರುತ್ತೇನಯ್ಯಾ?"

"ಬರುತ್ತೆ, ಆದ್ರೆ ಬೀಗ ಹಾಕ್ಕೊಂಡು ಬರುತ್ತೆ. ನಿಮ್ಮ ರೌಟರು ನಿಮ್ಮದನ್ನ ಎತ್ಕೊಂಡು ಉಳಿದದ್ದಕ್ಕೆ ಕಣ್ಣು ಮುಚ್ಕೊಳ್ಳುತ್ತೆ."

"ಹಂಗಾದ್ರೆ ಅದು ಈ ಓಣಿಯಲ್ಲಿ ಹುಟ್ಟಿದ ವಸ್ತು ಅಲ್ಲ ಬಿಡು."

ಮನೆಗಳಿಂದ ಆಫೀಸಿಗೆ ವಾಪಸ್ ಹೋಗುವ ಮಾತಿಗೆ ಸರದಿ. ಆಫೀಸಿನ ಯಂತ್ರ ಒಂದೊಂದು ಮನೆಗೂ ಕ್ಷಣದ ಚೂರೊಂದನ್ನು ಹಂಚಿಕೊಡುತ್ತದೆ: ಈಗ ನೀನು ಹೇಳು, ಈಗ ನೀನು. ಯಾರಿಗೂ ಮುಂದೆ ನುಗ್ಗುವ ಹಾಗಿಲ್ಲ. ಹಾಗೆಂದು ನಿಯಂತ್ರಣ ಮಂಡಳಿಯ ಕಟ್ಟಪ್ಪಣೆ. ಇಂಥ ಕಂಪನಿಗಳಿಗೆ ಪರವಾನಗಿ ಕೊಡುವುದೂ ಕಿತ್ತುಕೊಳ್ಳುವುದೂ ಆ ಮಂಡಳಿಯೇ. 'ಗ್ರಾಹಕರ ನಡುವೆ ಭೇದ ಮಾಡತಕ್ಕದ್ದಲ್ಲ' ಎಂಬ ಅದರ ಮಾತನ್ನು ಯಜಮಾನರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಏಣಿಯಣ್ಣ ಅದನ್ನು ಮನಸ್ಸಿಗೇ ತೂಗುಹಾಕಿಕೊಂಡವನು. ಅವನ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಓಣಿ ಎಷ್ಟು ಕಿರಿದೆಂದರೆ ಕಂಬ ನೆಟ್ಟರೆ ಮನುಷ್ಯ ಓಡಾಡುವಂತಿಲ್ಲ, ಮನುಷ್ಯ ಓಡಾಡಿದರೆ ಕಂಬ ನಿಲ್ಲುವಂತಿಲ್ಲ. ಹೀಗಾಗಿ ಕೇಬಲ್ಲು ಗೋಡೆಯಿಂದ ಗೋಡೆಗೆ ಹಾಯ್ದಿದೆ. ಒಟ್ಟು ಐವತ್ತೆಂಟು ಗೋಡೆ. ಹತ್ತೊಂಬತ್ತು ವರ್ಷದ ಹಿಂದೆ ಒಂದೊಂದು ಬಾಗಿಲಲ್ಲೂ ನಿಂತು ಏಣಿಯಣ್ಣ ಬಾಯಿಮಾತಿನ ಒಪ್ಪಿಗೆ ಪಡೆದಿದ್ದ. ಬಾಯಿಮಾತು ಎಂದ ಮೇಲೆ ಅದಕ್ಕೊಂದು ಬಾಲ ಇರುತ್ತದಲ್ಲ. ಮೂರನೇ ಮನೆಯ ಅಜ್ಜಿ, "ಮೊಳೆ ಹೊಡ್ಕೋ ಮಗಾ, ಆದ್ರೆ ಬಂದಾಗೆಲ್ಲ ಅಟ್ಟದ ಮೇಲಿಂದ ದೊಡ್ಡ ಪಾತ್ರೆ ಇಳಿಸ್ಕೊಡಬೇಕು" ಎಂದಿದ್ದಳು. ಪಾತ್ರೆ ಇಳಿಸಿದ ಮೇಲೆ ಮುಂದಿನ ಸಲ ಇಳಿಸಲೆಂದು ಅದನ್ನು ಮತ್ತೆ ಹತ್ತಿಸಿಯೂ ಬರಬೇಕು. ಕ್ಷೌರದಂಗಡಿಯವನಿಗೆ ಕನ್ನಡಿಯಲ್ಲಿ ಏಣಿ ಕಾಣಬಾರದು; ಗಿರಾಕಿ ಬೆಚ್ಚಿ ಕತ್ತು ತಿರುಗಿಸುತ್ತಾನಂತೆ. ಮೇಷ್ಟ್ರಿಗೆ ಹೊಸ ಸುಣ್ಣದ ಮೇಲೆ ಏಣಿಯ ಗೀರು ಬೀಳಕೂಡದು. ಅದಕ್ಕಾಗಿ ಏಣಿಯ ಎರಡು ತುದಿಗೂ ಅವನು ಹರಕು ಬಟ್ಟೆ ಸುತ್ತುತ್ತಿದ್ದ. ಅದು ಹೋದಲ್ಲೆಲ್ಲ ಬಿಚ್ಚಿ ಬಿದ್ದು, ಹಿಂದಿನಿಂದ ಯಾರಾದರೂ ಎತ್ತಿಕೊಂಡು, "ಏಣಿಯಣ್ಣಾ, ನಿನ್ನ ಪೇಟ!" ಎಂದು ಕೂಗುವುದು ವಾಡಿಕೆ.

ಇಂಥ ಐವತ್ತೆಂಟು ಮಾತು ಅವನ ತಲೆಯಲ್ಲಿದ್ದವು. ಎಲ್ಲೂ ಬರೆದಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದನ್ನೂ ಮುರಿದಿರಲಿಲ್ಲ.

ಆಗ ಮಂಡಳಿಯಿಂದ ಕಾಗದ ಬಂತು.

ಯಜಮಾನರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಖಾಸಗಿ ಗೋಡೆಯ ಮೇಲೆ ಕೇಬಲ್ ಹಾಯಿಸಿದ ಪ್ರತಿಯೊಂದು ಕಡೆಯೂ ಮನೆಯವರ ಲಿಖಿತ ಒಪ್ಪಿಗೆ ಬೇಕು. ಮುಂದಿನ ಬುಧವಾರ ಹನ್ನೊಂದು ಗಂಟೆಗೆ ಅಧಿಕಾರಿ ಬರುತ್ತಾರೆ. ಒಂದು ಗೋಡೆಯ ಸಹಿ ಇಲ್ಲದಿದ್ದರೂ ಆ ಗೋಡೆಯಿಂದಾಚೆಗಿನ ಲೈನು ಅವತ್ತೇ ಕಳಚಬೇಕು.

"ಏಣಿಯಣ್ಣಾ, ಐವತ್ತೆಂಟು ಸಹಿ ತರ್ತೀಯಾ?"

"ಅದೇನು ದೊಡ್ಡದು ಸಾರ್" ಎಂದ ಅವನು. ಅಂದ ಮೇಲೆ ಅಕ್ಕನ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಅರ್ಜಿಯಲ್ಲಿ ಏಳು ಕಾಲಂ ಇದ್ದವು. ಏಳನೆಯದರ ನೆತ್ತಿಯಲ್ಲಿ 'ಷರತ್ತುಗಳಿದ್ದಲ್ಲಿ ನಮೂದಿಸಿ' ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೊಂದು ಗೆರೆ ಎಳೆದು ಸುಮ್ಮನಾಗುತ್ತಿದ್ದರು. ಏಣಿಯಣ್ಣ ಫೋನಮ್ಮನನ್ನು ಕೇಳಿದ: "ಇಲ್ಲಿ ಏನು ಬರೀಲಿ?"

"ಇದ್ದದ್ದು ಬರೀರಿ. ಸರ್ಕಾರದ ಕಾಗದ, ಸುಳ್ಳು ಬರೆದ್ರೆ ತಗಲಾಕ್ಕೋತೀರಿ."

ಅವನು ಇದ್ದದ್ದೆಲ್ಲ ಬರೆದ. ಅಟ್ಟದ ಪಾತ್ರೆ, ಕನ್ನಡಿ, ಸುಣ್ಣ, 'ಬೆಕ್ಕನ್ನು ಎಬ್ಬಿಸತಕ್ಕದ್ದಲ್ಲ', ಒಂದನ್ನೂ ಬಿಡಲಿಲ್ಲ. ಐವತ್ತೇಳು ಮನೆಯವರು ನಗುತ್ತ ಸಹಿ ಹಾಕಿದರು. ಉಳಿದದ್ದು ಓಣಿಯ ಬಾಯಲ್ಲಿರುವ ಗೋಡೆ, ಅರವತ್ತನಾಲ್ಕು ಕವಲಿನ ಡಬ್ಬಿಯನ್ನೇ ಹೊತ್ತ ಗೋಡೆ. ಅದು ಅವನ ಸ್ವಂತ ಅಕ್ಕನದು. ಅದು ಹೋದರೆ ಓಣಿಯೇ ಹೋಯಿತು. ಓಣಿ ಹೋದರೆ ಏಣಿ ಒರಗಿಸುವುದಕ್ಕೆ ಅವನಿಗೆ ಬೇರೆ ಗೋಡೆಯಿಲ್ಲ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕೈಯಲ್ಲಿ ಸದಾ ಎರಡು ಕಡ್ಡಿ, ಮಡಿಲಲ್ಲಿ ಉಣ್ಣೆಯ ಉಂಡೆ. ಅವಳು ಹೆಣೆದ ಸ್ವೆಟರು ಹಾಕದೆ ಆ ಓಣಿಯಲ್ಲಿ ಯಾವ ಮಗುವೂ ನಡೆಯಲು ಕಲಿತದ್ದಿಲ್ಲ. ಎರಡು ವರ್ಷದ ಹಿಂದೆ ಯಾರೋ ಹುರಿದುಂಬಿಸಿದರೆಂದು, ವಿಡಿಯೋದಲ್ಲಿ ಹೆಣಿಗೆ ಪಾಠ ಶುರುಮಾಡಿದಳು. ಹನ್ನೊಂದು ಶಿಷ್ಯೆಯರು, ಒಬ್ಬೊಬ್ಬರು ಒಂದೊಂದು ಊರಿನವರು. ಮೊದಲ ಪಾಠದ ಹಿಂದಿನ ದಿನ ತಮ್ಮನನ್ನು ಕರೆದು ಕೇಳಿದಳು: "ನಾಳೆ ಒಂದು ಗಂಟೆ ಬೇರೆಯವರದ್ದೆಲ್ಲ ಸ್ವಲ್ಪ ನಿಧಾನ ಮಾಡೋ. ನಂದು ಚೆನ್ನಾಗಿ ಓಡಲಿ."

"ಹಂಗೆಲ್ಲ ಮಾಡೋ ಹಾಗಿಲ್ಲ ಅಕ್ಕ, ನಿಯಮ ಇದೆ."

"ನಿನ್ನ ಮೂಗು ಒರೆಸುವಾಗ ನಾನು ಯಾವ ನಿಯಮ ಕೇಳಿದ್ದೆ?"

ಅವನು ಮಾಡಲಿಲ್ಲ. ಪಾಠ ಶುರುವಾಗಿ ಹದಿನೇಳನೇ ನಿಮಿಷಕ್ಕೆ, "ಎರಡು ಸೀದಾ, ಒಂದು..." ಎನ್ನುವಾಗ ಚಿತ್ರ ಹೆಪ್ಪುಗಟ್ಟಿತು. ತೆರೆದ ಬಾಯಿ, ಮೇಲೆದ್ದ ಕಡ್ಡಿ, ಅರ್ಧ ಮುಚ್ಚಿದ ಕಣ್ಣು. ಒಬ್ಬ ಶಿಷ್ಯೆ ಅದರ ಫೋಟೋ ತೆಗೆದು ಓಣಿಯ ಗೆಳತಿಯೊಬ್ಬಳಿಗೆ ಕಳಿಸಿದಳು. ಸಂಜೆಗೆ ಅದು ಓಣಿಯ ಎಲ್ಲ ಫೋನಿನಲ್ಲೂ ಇತ್ತು. ಒಬ್ಬರಿಗೂ ಒಂದು ಕ್ಷಣ ತಡವಾಗದೆ, ಯಾವ ಭೇದವೂ ಇಲ್ಲದೆ ತಲುಪಿತ್ತು.

ಅವತ್ತೇ ಅಕ್ಕ ತನ್ನ ಸಂಪರ್ಕ ಕಡಿಸಿದಳು, ತಮ್ಮನ ಜೊತೆ ಮಾತೂ ಕಡಿದಳು. ಡಬ್ಬಿ ಮಾತ್ರ ಗೋಡೆಯ ಮೇಲೆ ಉಳಿಯಿತು. ಓಣಿಗೆಲ್ಲ ಬೆಳಕು ಹಂಚುವ ಗೋಡೆಯ ಹಿಂದೆ ನೆಟ್ ಇಲ್ಲದ ಮನೆ. ದೀಪದ ಬುಡದಲ್ಲಿ ಕತ್ತಲೆ ಎಂದು ಮೇಷ್ಟ್ರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಸೋಮವಾರ ಏಣಿಯಣ್ಣ ಅರ್ಜಿ ಹಿಡಿದು ಅಕ್ಕನ ಕಿಟಕಿಯ ಹೊರಗೆ ನಿಂತ. ಒಳಗೆ ಕಡ್ಡಿಗಳ ಟಿಕ್ ಟಿಕ್ ಸದ್ದು. ಬಾಗಿಲು ತೆರೆಯಲಿಲ್ಲ.

"ಅಕ್ಕಾ."

ಸದ್ದು ನಿಂತಿತು. ಒಳಗಿನಿಂದ ದನಿ ಬಂತು, ಅವನ ಕಡೆಗಲ್ಲ. "ಗೋಡೆಯೇ, ಹೊರಗೆ ಯಾರೋ ಬಂದಿರೋ ಹಾಗಿದೆ. ಏನಂತೆ ಕೇಳು."

ಏಣಿಯಣ್ಣ ಅತ್ತ ಇತ್ತ ನೋಡಿದ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ ಕಿವಿ ನಿಮಿರಿಸಿದ್ದ. ವಿಧಿಯಿಲ್ಲ. "ಗೋಡೆಯೇ, ಒಂದು ಸಹಿ ಬೇಕಿತ್ತು ಅಂತ ಅಕ್ಕಂಗೆ ಹೇಳು."

"ಗೋಡೆಯೇ, ನಿಯಮದವರಿಗೆ ಅಕ್ಕನ ಸಹಿ ಯಾಕಂತೆ? ನಿಯಮದ ಹತ್ರಾನೇ ಹಾಕಿಸ್ಕೊಳ್ಳಲಿ."

"ಅಕ್ಕಾ, ಸಹಿ ಇಲ್ಲದಿದ್ರೆ ಬುಧವಾರ ಇಡೀ ಓಣಿ ಲೈನು ಬಿಚ್ಚಬೇಕು. ನನ್ನ ಕೆಲಸಾನೂ ಹೋಗುತ್ತೆ."

ಟಿಕ್ ಟಿಕ್ ಮತ್ತೆ ಶುರುವಾಯಿತು. ಒಂದು ಸಾಲು ಮುಗಿದಿರಬೇಕು. "ಗೋಡೆಯೇ, ಹೇಳು. ಆ ಹನ್ನೊಂದು ಜನ ಮತ್ತೆ ಪಾಠ ಕೇಳ್ತಿದಾರೆ. ಬುಧವಾರ ಹನ್ನೊಂದಕ್ಕೆ. ಇವತ್ತು ಕಿಟಕಿಯಿಂದ ವೈರು ಕೊಡಲಿ, ಒಳಗೆ ನಾನೇ ಸಿಕ್ಕಿಸ್ಕೋತೀನಿ. ಆ ಒಂದು ಗಂಟೆ ನನ್ನ ಪಾಠಕ್ಕೆ ಓಣಿಯಲ್ಲಿ ಯಾರೂ ಅಡ್ಡ ಬರಬಾರದು. ಚಿತ್ರ ನಿಲ್ಲದಿದ್ರೆ ಸಹಿ. ನಿಂತ್ರೆ ಡಬ್ಬಿ ಬಿಚ್ಕೊಂಡು ಹೋಗಲಿ."

ಆ ಮಾತನ್ನು ಏಳನೇ ಕಾಲಂನಲ್ಲಿ ಬರೆದು ಹಾಗೇ ನಡೆದುಕೊಂಡರೆ ಪರವಾನಗಿ ಹೋಗುತ್ತದೆ. ಆಗದೆಂದರೆ ಗೋಡೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಏಣಿಯಣ್ಣ ಕಿಟಕಿಯಿಂದ ಫೈಬರ್ ತುದಿಯನ್ನು ಒಳಗೆ ಇಳಿಬಿಟ್ಟ. ಒಂದು ಕೈ ಬಂದು ಅದನ್ನು ಎಳೆದುಕೊಂಡಿತು. ಎರಡು ವರ್ಷದಲ್ಲಿ ಅವನು ಕಂಡ ಅಕ್ಕ ಅಷ್ಟೇ, ಮಣಿಕಟ್ಟಿನವರೆಗೆ.

ಆಫೀಸಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಫೋನಮ್ಮ ದೂರಿನ ಕರೆಯೊಂದನ್ನು ಮುಗಿಸಿ ಅವನ ಕಥೆ ಕೇಳಿದಳು.

"ನಿಯಮ ಯಾರಿಗೆ ಏಣಿಯಣ್ಣಾ?"

"ನಮಗೆ."

"ಓಣಿಗೆ ಅಲ್ಲ ತಾನೇ? ನಾವು ಯಾರನ್ನೂ ನಿಧಾನ ಮಾಡಬಾರದು. ಅವರಾಗೇ ಒಂದು ಗಂಟೆ ಸ್ವಿಚ್ ಆಫ್ ಮಾಡ್ಕೊಂಡ್ರೆ ಮಂಡಳಿ ಏನು ಮಾಡುತ್ತೆ?"

ಏಣಿಯಣ್ಣ ಅವಳನ್ನು ದೇವರನ್ನು ನೋಡಿದ ಹಾಗೆ ನೋಡಿದ. ಬೆವರುವ ದೇವರು.

ಮಂಗಳವಾರವಿಡೀ ಅರವತ್ತಮೂರು ಬಾಗಿಲು ತಟ್ಟಿದ. ಅಕ್ಕನ ಹಳೇ ಫೋಟೋ ಫೋನಿನಲ್ಲಿ ಇಟ್ಟುಕೊಂಡವರಿಗೆಲ್ಲ ಒಳಗೊಳಗೇ ಒಂದು ಅಳುಕಿತ್ತು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡರು. "ಒಂದು ಗಂಟೆ ತಾನೇ, ಆಯ್ತು" ಎಂದರು. ಕಷ್ಟವಾದದ್ದು ಮೇಷ್ಟ್ರ ಮನೆಯಲ್ಲಿ.

"ಒಂದು ಗಂಟೆ ನಾನು ಏನು ಮಾಡಲಯ್ಯಾ?"

ಒಳಗಿಂದ ಅವರ ಹೆಂಡತಿ ಹೇಳಿದರು: "ನನ್ನ ಜೊತೆ ಮಾತಾಡಿ."

ಮೇಷ್ಟ್ರು ಏಣಿಯಣ್ಣನ ಕೈ ಹಿಡಿದು ತಗ್ಗಿದ ದನಿಯಲ್ಲಿ ಕೇಳಿದರು: "ಬೇರೆ ಏನೂ ದಾರಿ ಇಲ್ವೇನೋ?"

ಬುಧವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಓಣಿಯ ರೌಟರುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಜನ ಏನು ಮಾಡಬೇಕೆಂದು ತೋಚದೆ ಬಾಗಿಲಿಗೆ ಬಂದರು. ಬಾಗಿಲಲ್ಲಿ ನಿಲ್ಲಲು ಬೇಸರವಾಗಿ ಮೆಟ್ಟಿಲಿಗೆ ಇಳಿದರು. ಬಾಲ್ಕನಿಯಿಂದ ಬಾಲ್ಕನಿಗೆ ಮಾತು ಹಾಯತೊಡಗಿತು, ಕೇಬಲ್ಲಿನ ಪಕ್ಕದಲ್ಲೇ, ಕೇಬಲ್ಲಿನ ಹಂಗಿಲ್ಲದೆ. ಹತ್ತು ವರ್ಷದಿಂದ ಅಕ್ಕಪಕ್ಕ ಇದ್ದ ಇಬ್ಬರು, "ನೀವು ಇಲ್ಲೇ ಇರೋದಾ?" ಎಂದು ಪರಿಚಯ ಮಾಡಿಕೊಂಡರು.

ಅಷ್ಟು ಹೊತ್ತಿಗೆ ಮಂಡಳಿಯ ಅಧಿಕಾರಿ ಬಂದರು. ಐವತ್ತರ ಹೆಂಗಸು. ಕಂಕುಳಲ್ಲಿ ನಿಯಮದ ಪುಸ್ತಕ, ಕೈಯಲ್ಲಿ ಅಳತೆಯ ಯಂತ್ರ. ನಗು ಎಂಬುದನ್ನು ಕಚೇರಿಯಲ್ಲೇ ಬಿಟ್ಟು ಬಂದಂಥ ಮುಖ. ಬೆವರು ಒರೆಸಿಕೊಳ್ಳುತ್ತ ಯಜಮಾನರು ಹಿಂದೆ ನಿಂತಿದ್ದರು. ಅಧಿಕಾರಿ ಡಬ್ಬಿಗೆ ಯಂತ್ರ ಜೋಡಿಸಿ ನೋಡಿದರು.

"ಅರವತ್ತನಾಲ್ಕು ಗ್ರಾಹಕರು ಅಂತ ಬರೆದಿದ್ದೀರಿ. ಇಲ್ಲಿ ಒಂದೇ ಒಂದು ಮನೆ ಉಸಿರಾಡ್ತಿದೆ. ಉಳಿದವರೆಲ್ಲಿ?"

"ಇಗೋ ಮೇಡಂ" ಎಂದು ಏಣಿಯಣ್ಣ ಬೀದಿ ತೋರಿಸಿದ. ಅರವತ್ತಮೂರು ಮನೆಯವರು ಕೈ ಬೀಸಿದರು.

"ಇವರ ಲೈನು ನಿಲ್ಲಿಸಿದ್ದು ಯಾರು?"

"ನಾವೇ!" ಎಂದಿತು ಓಣಿ ಒಂದೇ ಬಾಯಲ್ಲಿ.

ಅಧಿಕಾರಿ ಪುಸ್ತಕ ತೆಗೆದು ಹಾಳೆ ಮಗುಚಿದರು. ಬಹಳ ಹೊತ್ತು ಮಗುಚಿದರು. "ಗ್ರಾಹಕರು ತಾವೇ ಆಫ್ ಮಾಡಿಕೊಳ್ಳಬಾರದು ಅಂತ ಎಲ್ಲೂ ಇಲ್ಲ" ಎಂದರು ಕೊನೆಗೆ, ಇದ್ದಿದ್ದರೆ ಚೆನ್ನಾಗಿತ್ತು ಎಂಬ ಧ್ವನಿಯಲ್ಲಿ. ಆಮೇಲೆ ಅರ್ಜಿಗಳ ಕಟ್ಟು ಬಿಚ್ಚಿ ಏಳನೇ ಕಾಲಂ ಗಟ್ಟಿಯಾಗಿ ಓದತೊಡಗಿದರು. "ಅಟ್ಟದಿಂದ ಪಾತ್ರೆ ಇಳಿಸಿ, ಮತ್ತೆ ಏರಿಸತಕ್ಕದ್ದು. ಕನ್ನಡಿಯಲ್ಲಿ ಏಣಿ ಕಾಣಿಸಕೂಡದು. ಬೆಕ್ಕನ್ನು..." ಕನ್ನಡಕದ ಮೇಲಿಂದ ಏಣಿಯಣ್ಣನನ್ನು ನೋಡಿದರು. "ಇವೆಲ್ಲ ಪಾಲನೆ ಆಗುತ್ತಿದೆಯೇ?"

"ಹತ್ತೊಂಬತ್ತು ವರ್ಷದಿಂದ ಮೇಡಂ."

"ಐವತ್ತೆಂಟನೇ ಗೋಡೆ?"

ಏಣಿಯಣ್ಣ ಗಡಿಯಾರ ನೋಡಿದ. ಹನ್ನೊಂದೂ ಹದಿನಾರು. ಕಿಟಕಿಯಾಚೆ ಅಕ್ಕನ ದನಿ ಹಾಡಿನ ಹಾಗೆ ಸಾಗಿತ್ತು. ಎರಡು ಸೀದಾ, ಒಂದು ಉಲ್ಟಾ. ಎರಡು ಸೀದಾ, ಒಂದು ಉಲ್ಟಾ. ಅವನು ಮನಸ್ಸಿನಲ್ಲೇ ಎಣಿಸಿದ. ಎರಡು ಸೀದಾ, ಒಂದು...

ದನಿ ನಿಂತಿತು.

"ಹಲೋ? ಕೇಳಿಸ್ತಿದೆಯಾ? ಹಲೋ?" ಆಮೇಲೆ ಕಡ್ಡಿಗಳು ನೆಲಕ್ಕೆ ಬಿದ್ದ ಸದ್ದು. ಎರಡು ವರ್ಷದಿಂದ ತಮ್ಮನ ಪಾಲಿಗೆ ಮುಚ್ಚಿದ್ದ ಬಾಗಿಲು ದಢಾರನೆ ತೆರೆಯಿತು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ಕೋಪ ಮಾತ್ರ ಹಳೆಯದೇ, ಮೂಗಿನ ತುದಿಯಲ್ಲೇ.

"ಗೋಡೆಯೇ, ಯಾರು ಆನ್ ಮಾಡಿದ್ದು ಅಂತ ಕೇಳು!"

ಅಧಿಕಾರಿ ಏಣಿಯಣ್ಣನ ಕಡೆ ಬಾಗಿ ಕೇಳಿದರು: "ಇವರು ಯಾರ ಜೊತೆ ಮಾತಾಡ್ತಿದಾರೆ?"

"ಗೋಡೆ ಜೊತೆ ಮೇಡಂ."

"ಸರಿ, ಗೋಡೆ ವಿಚಾರಕ್ಕೇ ತಾನೇ ನಾವು ಬಂದಿರೋದು."

"ನಾವ್ಯಾರೂ ಮುಟ್ಟಿಲ್ಲ!" ಎಂದು ಓಣಿ ಆಣೆ ಇಟ್ಟಿತು. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ನಾನು ಹದಿನೇಳು ನಿಮಿಷದಿಂದ ಇವಳ ಜೊತೆ ಮಾತಾಡ್ತಿದೀನಮ್ಮ. ಇದಕ್ಕಿಂತ ಸಾಕ್ಷಿ ಬೇಕಾ?" ಅಧಿಕಾರಿ ಅಳತೆಯ ಯಂತ್ರ ಎತ್ತಿ ತೋರಿಸಿದರು. "ಗೋಡೆಗೆ ಹೇಳಿ, ಡಬ್ಬಿವರೆಗೆ ಬೆಳಕು ಚೊಕ್ಕವಾಗಿದೆ. ತೊಂದರೆ ನಿಮ್ಮ ಮನೆಯೊಳಗೇ ಇದೆ."

ಅಕ್ಕ ಬಾಗಿಲಿಂದ ಅರ್ಧ ಹೆಜ್ಜೆ ಸರಿದಳು, ಒಬ್ಬ ಮನುಷ್ಯ ಏಣಿ ಇಲ್ಲದೆ ಒಳಹೋಗುವಷ್ಟು.

ಒಳಕೋಣೆಯ ಗೂಡಿನಲ್ಲಿ ಅವನೇ ಹಿಂದೆ ಇಟ್ಟುಕೊಟ್ಟ ರೌಟರು ಇತ್ತು. ಏಣಿಯಣ್ಣ ಅದನ್ನು ನೋಡಿ ನಿಂತಲ್ಲೇ ನಿಂತ. ಹಿಂದೆ ಬಂದ ಅಧಿಕಾರಿಯೂ ನಿಂತರು.

ರೌಟರು ಸ್ವೆಟರು ತೊಟ್ಟಿತ್ತು.

ದಪ್ಪ ಉಣ್ಣೆಯ, ಎರಡು ಪದರದ, ನೀಲಿ ಸ್ವೆಟರು. ಕುತ್ತಿಗೆಯ ಹತ್ತಿರ ಮೂರು ಗುಂಡಿ. ಎರಡು ಆಂಟೆನಾಗೆ ಎರಡು ಉದ್ದ ತೋಳು. ಏಣಿಯಣ್ಣ ಬೆರಳಿಟ್ಟು ನೋಡಿ ಚುರ್ ಎಂದು ಕೈ ಹಿಂದೆಗೆದ. ಕಾದ ಬಾಣಲೆಯ ಹಾಗಿತ್ತು.

"ಏನಕ್ಕಾ ಇದು?"

ಅಕ್ಕ ಗೋಡೆಯ ಕಡೆ ತಿರುಗಲು ಹೋದಳು, ತಿರುಗಲಿಲ್ಲ. "ನೀನೇ ತಾನೇ ಹೇಳಿದ್ದು, ತುಂಬಾ ನಾಜೂಕು, ಜೋಪಾನವಾಗಿ ನೋಡ್ಕೋ ಅಂತ. ಧೂಳು ಬೀಳಬಾರದು, ಶೀತ ಆಗಬಾರದು ಅಂತ..." ಅವಳ ದನಿ ತಗ್ಗಿತು. "ಅದು ನಿನ್ನದೇ ಉಣ್ಣೆ. ಎರಡನೇ ಕ್ಲಾಸಲ್ಲಿ ಹಾಕ್ಕೋತಿದ್ಯಲ್ಲ, ಆ ಸ್ವೆಟರು ಬಿಚ್ಚಿ ಹೆಣೆದದ್ದು."

ಏಣಿಯಣ್ಣ ಮೂರು ಗುಂಡಿಯನ್ನೂ ನಿಧಾನವಾಗಿ ಬಿಚ್ಚಿದ, ಮಲಗಿದ ಮಗುವಿನ ಅಂಗಿ ತೆಗೆಯುವ ಹಾಗೆ. "ಇದಕ್ಕೆ ಶೀತ ಆಗಲ್ಲ ಅಕ್ಕ. ಸೆಖೆ ಆಗುತ್ತೆ. ಐದು ನಿಮಿಷದ ಮಾತಿಗೆ ತಡ್ಕೊಂಡಿರುತ್ತೆ. ಪಾಠ ಅಂದ್ರೆ ಪಾಪ, ಅವತ್ತೂ ಇವತ್ತೂ ಹದಿನೇಳು ನಿಮಿಷಕ್ಕೆ ತಲೆತಿರುಗಿ ಬಿದ್ದಿದೆ."

"ಎರಡು ವರ್ಷ ಇದನ್ನ ಹೇಳಕ್ಕೇನಾಗಿತ್ತೋ ನಿಂಗೆ?"

"ಒಳಗೆ ಬಿಟ್ಟಿದ್ರೆ ತಾನೇ?"

ಅಧಿಕಾರಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. 'ಗ್ರಾಹಕರ ಉಪಕರಣ ಬೆಚ್ಚಗಿನ ಉಡುಪು ಧರಿಸಿತ್ತು. ಕಂಪನಿಯ ಲೋಪವಲ್ಲ.' ಬರೆದು ಮುಗಿಸಿ ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಸಣ್ಣಗೆ ಕುಲುಕುತ್ತಿದ್ದುದು ಮಾತ್ರ ಕಂಡಿತು.

ರೌಟರು ತಣ್ಣಗಾಗಿ ಹಸಿರು ಕಣ್ಣು ಬಿಟ್ಟಿತು. ಹನ್ನೊಂದು ಶಿಷ್ಯೆಯರು ಒಬ್ಬೊಬ್ಬರಾಗಿ ಪರದೆಯ ಮೇಲೆ ಮರಳಿದರು. ಅಕ್ಕ ಪಾಠಕ್ಕೆ ಕೂರುವ ಮೊದಲು ಅರ್ಜಿ ಕೇಳಿ ಪಡೆದಳು. ಸಹಿ ಹಾಕಿದಳು. ಏಳನೇ ಕಾಲಂ ಬಂದಾಗ ಪೆನ್ನು ನಿಂತಿತು. ಪಕ್ಕದಲ್ಲೇ ನಿಯಮದ ಪುಸ್ತಕ ಹಿಡಿದು ಅಧಿಕಾರಿ ನಿಂತಿದ್ದರು. ಅಕ್ಕ ಏನೋ ಬರೆದು, ಕಾಗದ ಮಡಚಿ ಅಧಿಕಾರಿಯ ಕೈಗೇ ಕೊಟ್ಟಳು. ಅವರು ಓದಿದರು.

"ಏಣಿ ಹೊರಗಿರಬೇಕು. ಏಣಿಯವನು ಒಳಗೆ ಬಂದು ಹೋಗಬೇಕು." ಅಧಿಕಾರಿ ಮುದ್ರೆ ಒತ್ತಿದರು. "ಇದರಲ್ಲಿ ಗ್ರಾಹಕರ ನಡುವೆ ಭೇದ ಕಾಣ್ತಿಲ್ಲ."

ಅವತ್ತು ಹನ್ನೆರಡಕ್ಕೆ ಓಣಿಯಲ್ಲಿ ರೌಟರುಗಳನ್ನು ಮತ್ತೆ ಆನ್ ಮಾಡಬೇಕಿತ್ತು. ಮೇಷ್ಟ್ರ ಮನೆಯದು ಒಂದೂವರೆಯಾದರೂ ಆರಿಯೇ ಇತ್ತು. ಮರೆತರೋ ಏನೋ ಎಂದು ಏಣಿಯಣ್ಣ ಇಣುಕಿ ನೋಡಿದ. ಗಂಡ ಹೆಂಡತಿ ಇಬ್ಬರೂ ಯಾವುದೋ ಹಳೇ ವಿಷಯಕ್ಕೆ ಜೋರಾಗಿ ಜಗಳವಾಡುತ್ತಿದ್ದರು. ಅವನು ಸಂತೋಷದಿಂದ ಮುಂದೆ ನಡೆದ.

ಆಮೇಲಿನ ವಾರದಿಂದ ಓಣಿಯ ತಿರುವಿನಲ್ಲಿ ಮೊದಲು ಕಾಣಿಸುವುದು ಎರಡು ನೀಲಿ ತೋಳು. ರೌಟರಿನ ಸ್ವೆಟರು ಬಿಚ್ಚಿ ಅಕ್ಕ ಹೊಸದಾಗಿ ಹೆಣೆದು ಏಣಿಯ ಎರಡು ತುದಿಗೂ ತೊಡಿಸಿದ, ಉಣ್ಣೆಯ, ಒಳಗಿನಿಂದ ಗಂಟು ಹಾಕಿದ ತೋಳುಗಳು. ಅವು ಬಿಚ್ಚಿ ಬೀಳುವುದಿಲ್ಲ, ಸುಣ್ಣಕ್ಕೆ ಗೀರೂ ಬೀಳುವುದಿಲ್ಲ. ಅಕ್ಕನ ಮನೆಯ ಮುಂದೆ ಅವು ಗೋಡೆಯನ್ನು ತಬ್ಬಿದ ಹಾಗೆ ಒರಗಿ ನಿಂತಿರುತ್ತವೆ. ಬಹಳ ಹೊತ್ತು ನಿಂತಿರುತ್ತವೆ. ಅಷ್ಟರಲ್ಲಿ ಫೋನಮ್ಮನಿಗೆ ನಾಲ್ಕು ದೂರು ಬಂದಿರುತ್ತವೆ.

"ಲೈನ್‌ಮನ್ ಎಲ್ರೀ?"

"ಷರತ್ತಿನ ಪಾಲನೆಗೆ ಹೋಗಿದಾರೆ" ಎನ್ನುತ್ತಾಳೆ ಅವಳು, ಬೆವರು ಒರೆಸಿಕೊಳ್ಳುತ್ತ. "ಸರದಿ ಪ್ರಕಾರ ಬರ್ತಾರೆ, ಇರಿ."